ಪಾಸ್ ಇದ್ಯಾ ಸಾರ್?

ಗಣಪತಿಯನ್ನು ನೀರಿಗೆ ಬಿಟ್ಟಾಗಿದೆ, ದಸರೆಯ ದೀಪ ಇನ್ನೂ ಹತ್ತಿಲ್ಲ. ಆ ಮಧ್ಯದ ದಿನಗಳಲ್ಲಿ ಮೈಸೂರಿಗೆ ಹೋಗಿ ನೋಡಬೇಕು. ಲಾಡ್ಜಿನ ಬಾಡಿಗೆ ಏರಿರುವುದಿಲ್ಲ, ಅರಮನೆ ಸುತ್ತ ಬ್ಯಾರಿಕೇಡು ಬಿದ್ದಿರುವುದಿಲ್ಲ. ಊರಿನ ಸಣ್ಣ ಬ್ಯಾಂಡುಗಳು, ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ತಮ್ಮ ಕಾರ್ಯಕ್ರಮಗಳನ್ನೆಲ್ಲ ಇದೇ ಸಂದಿಯಲ್ಲಿ ತುರುಕಿರುತ್ತಾರೆ. ನವರಾತ್ರಿ ಶುರುವಾಯಿತೆಂದರೆ ಊರಿಗೆ ಊರೇ ಅರಮನೆ ಕಡೆ ತಿರುಗುತ್ತದೆ. ಅಲ್ಲಿ ಘಟಾನುಘಟಿಗಳ ಕಛೇರಿ, ಅದೂ ಪುಕ್ಕಟೆ. ಅದರ ಎದುರಿಗೆ ಟಿಕೆಟ್ ಇಟ್ಟು ಹಾಡುವ ಧೈರ್ಯ ಯಾರಿಗಿದೆ? ದಸರೆ ಮುಗಿದ ಮೇಲೂ ದೀಪಾವಳಿ ಕಳೆಯುವ ತನಕ ಹಾಲ್ ಬುಕ್ ಮಾಡಲು ಯಾರೂ ಹೋಗುವುದಿಲ್ಲ.

ನಾನು ಶಿವಮೊಗ್ಗದವನು. ಸ್ವತಂತ್ರ ಸಂಗೀತ, ಸ್ವತಂತ್ರ ಸಿನಿಮಾ ಅಂದರೆ ಬೆಂಗಳೂರು ಮಾತ್ರ ಎಂಬ ಮಾತು ಕೇಳಿ ಕೇಳಿ ರೋಸಿಹೋಗಿತ್ತು. ಸರಸ್ವತಿಪುರಂನಲ್ಲಿರುವ ಗೆಳೆಯ, ಕಾಲೇಜು ಮೇಷ್ಟ್ರು, ‘ಬಾರಯ್ಯ, ಈ ವಾರ ಮೂರ್ನಾಲ್ಕು ಕಡೆ ಏನೇನೋ ಇದೆ’ ಅಂದ. ಏನೇನೋ ಅಂದರೆ ಏನು ಎಂದು ಅವನಿಗೂ ಗೊತ್ತಿರಲಿಲ್ಲ.

ಶುಕ್ರವಾರ

ಅರಸೀಕೆರೆ, ಹಾಸನ, ಹೊಳೆನರಸೀಪುರ ದಾಟಿ ರೈಲು ಮೈಸೂರು ಮುಟ್ಟಿದಾಗ ಮಧ್ಯಾಹ್ನ. ಕೆ.ಆರ್. ನಗರದ ಆಚೀಚೆ ಕಣ್ಣು ಹಾಯುವಷ್ಟು ದೂರ ಭತ್ತದ ಹಸಿರು. ಅದರ ಮೇಲೆ ಕಪ್ಪು ಮೋಡ ಕಟ್ಟುತ್ತಿದ್ದದ್ದನ್ನು ನೋಡಿ ಎದುರು ಸೀಟಿನ ಹೆಂಗಸು, ‘ಸಂಜೆಗೆ ಹುಯ್ಯುತ್ತೆ ನೋಡಿ’ ಅಂದರು. ಆಗ ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆಯ ಕಾರ್ಯಕ್ರಮ ಗೋಕುಲಂನಲ್ಲಿ, ಒಂದು ಕೆಫೆಯ ಟೆರೇಸಿನ ಮೇಲೆ. ಗೋಕುಲಂ ಈಗ ಯೋಗ ಕಲಿಯಲು ಬರುವ ವಿದೇಶಿಯರ ಬಡಾವಣೆ. ಎಳನೀರು ಮಾರುವವರೂ ನಾಲ್ಕು ಮಾತು ಇಂಗ್ಲಿಷು, ಎರಡು ಮಾತು ರಷ್ಯನ್ ಆಡುತ್ತಾರೆ. ಈ ಕೆಫೆಗಳ ಗಾಜಿನ ಬಾಗಿಲೇ ಊರಿನ ಇಂಡೀ ಲೋಕದ, ಅಂದರೆ ಸ್ವತಂತ್ರ ಸಂಗೀತ, ಸಿನಿಮಾದವರ, ನೋಟೀಸು ಬೋರ್ಡು. ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಹಾಕಿದ್ದು ಮರುದಿನಕ್ಕೆ ಮಾಯವಾಗುತ್ತದೆ, ವಾಟ್ಸಾಪ್ ಗುಂಪಿಗೆ ಸೇರಿಸಲು ಯಾರಾದರೂ ಪರಿಚಯದವರು ಬೇಕು. ಬಾಗಿಲಿಗೆ ಅಂಟಿಸಿದ ಎ4 ಹಾಳೆ ಮಾತ್ರ ಹೊಸಬರಿಗೂ ಸಿಗುತ್ತದೆ. ಹೋದವರು ಮೊದಲು ಅಲ್ಲೊಂದು ಕಾಫಿ ಕುಡಿದು ಬಾಗಿಲು ಓದಿಕೊಳ್ಳುವುದು ಒಳ್ಳೆಯದು.

ಬೇಗ ಹೋಗಿದ್ದರಿಂದ ಪಕ್ಕದ ಒಂಟಿಕೊಪ್ಪಲಿನಲ್ಲಿ ಒಂದು ಸುತ್ತು ಹಾಕಿದೆವು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ್ದು ಇಲ್ಲೇ. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಹೋಗಿದ್ದು ಈ ಬಡಾವಣೆಯ ಮನೆಯಿಂದ. ಲೈಸೆನ್ಸು, ಸ್ಪಾನ್ಸರು ಎಂದು ಗೋಳಾಡುವ ಇಂದಿನ ಹುಡುಗರಿಗೆ ಈ ಕತೆಯನ್ನು ಯಾರೂ ಹೇಳುವುದಿಲ್ಲ ಎಂದು ಗೆಳೆಯ ಗೊಣಗಿದ. ಮೇಷ್ಟ್ರಲ್ಲವೇ, ಹೇಳಬೇಕಾದವನು ಅವನೇ.

ಆರೂವರೆಗೆ ಟೆರೇಸು ಹತ್ತಿದಾಗ ಗಿಟಾರು, ಕೊಳಲು, ಕಹೋನ್ ಹಿಡಿದ ಮೂವರು ಹುಡುಗರು ವೈರು ಎಳೆಯುತ್ತಿದ್ದರು. ಕಹೋನ್ ಅಂದರೆ ಮೇಲೆ ಕೂತು ಬಾರಿಸುವ ಮರದ ಡಬ್ಬಿ. ಮೊದಲ ಹಾಡು ಷರೀಫರ ತತ್ವಪದ. ರಘು ದೀಕ್ಷಿತ್ ಷರೀಫರನ್ನು ಗಿಟಾರಿನ ಜೊತೆ ಹಾಡಿ ದೇಶ ವಿದೇಶ ಸುತ್ತಿದ ಮೇಲೆ ಮೈಸೂರಿನ ಕಾಲೇಜು ಬ್ಯಾಂಡುಗಳಿಗೆ ಷರೀಫರಿಂದ ಬಿಡುಗಡೆಯೇ ಇಲ್ಲ. ಅವರು ಇದೇ ಊರಲ್ಲಿ ಓದಿ ಬೆಳೆದವರು, ಹಾಗಾಗಿ ಹುಡುಗರ ಅಭಿಮಾನ ಸಹಜವೇ. ನನಗೆ ಮಾತ್ರ ಪ್ರತಿಯೊಂದು ಬ್ಯಾಂಡೂ ಅದೇ ತತ್ವಪದದಿಂದ ಶುರುಮಾಡುವುದು ಬೇಸರ ತರಿಸುತ್ತದೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಮಳೆ.

ಹುಯ್ಯುತ್ತೆ ಅಂದರೆ ಹಾಗೆ ಹುಯ್ಯಿತು. ಸ್ಪೀಕರುಗಳ ಮೇಲೆ ಟಾರ್ಪಾಲು ಎಳೆದು, ಆಂಪ್ಲಿಫೈಯರನ್ನು ಒಬ್ಬ ತನ್ನ ಅಂಗಿಯೊಳಗೆ ಅವಿಸಿಕೊಂಡು, ಎಲ್ಲರೂ ಮೆಟ್ಟಿಲಿಳಿದು ಕೆಳಗಿನ ಪಾರ್ಕಿಂಗಿಗೆ ಬಂದೆವು. ನಾವೇ ಸ್ಕೂಟರುಗಳನ್ನು ಗೋಡೆಗೆ ತಳ್ಳಿ ಜಾಗ ಮಾಡಿದೆವು. ಕರೆಂಟು ಹೋಗಿತ್ತು, ಮೈಕಿಲ್ಲ. ಕಾಂಕ್ರೀಟು ಸೂರಿನ ಕೆಳಗೆ ಕಹೋನ್ ಏಟು ಎದೆಗೇ ಬಡಿಯುತ್ತಿತ್ತು. ಅಲ್ಲಿ ಗಿಟಾರಿನ ಹುಡುಗ ತನ್ನದೇ ಹಾಡೊಂದನ್ನು ತೆಗೆದ:

‘ಒಂಟಿಕೊಪ್ಪಲ್ ಸರ್ಕಲ್ಲಲ್ಲಿ ಒಂಟಿಯಾಗಿ ನಿಂತೆ,
ಕೊನೇ ಬಸ್ಸು ಹೋದ ಮೇಲೆ ನಂಗೂ ಯಾಕೆ ಚಿಂತೆ’

ನಗು ಎದ್ದಿತು. ಪಿ.ಜಿ. ಓನರು, ನೀರಿನ ಬಿಲ್ಲು, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಫೋನ್ ಎತ್ತದ ಹುಡುಗಿ, ಎಲ್ಲ ಬಂತು ಆ ಹಾಡಿನಲ್ಲಿ. ಟೆರೇಸಿನ ಮೇಲೆ ಅರ್ಧಗಂಟೆಯಲ್ಲಿ ಆಗದಿದ್ದದ್ದು ಪಾರ್ಕಿಂಗಿನಲ್ಲಿ ಒಂದು ಹಾಡಿಗೆ ಆಯಿತು.

ಗೇಟಿನ ಹತ್ತಿರ ಕ್ಯೂಆರ್ ಕೋಡ್ ಅಂಟಿಸಿದ ರಟ್ಟು ಹಿಡಿದು ಒಬ್ಬ ಹುಡುಗಿ ಕೂತಿದ್ದಳು. ಕೊಡೆ ಮಡಿಚುತ್ತಾ ಬಂದ ಹಿರಿಯರೊಬ್ಬರು ಕೇಳಿದರು, ‘ಏನಮ್ಮ, ಪಾಸ್ ಇದ್ಯಾ?’

‘ಪಾಸ್ ಇಲ್ಲ ಅಂಕಲ್. ನೂರೈವತ್ತು ಟಿಕೆಟ್. ಆಗ್ಲಿಲ್ಲಾಂದ್ರೆ ನಿಮಗೆ ತೋಚಿದ್ದು ಹಾಕಿ.’

‘ಮೈಸೂರಲ್ಲಿ ಹಾಡು ಕೇಳಕ್ಕೆ ದುಡ್ಡಾ?’

ಕೋಪವೇನೂ ಇರಲಿಲ್ಲ ಅವರಿಗೆ, ನಿಜವಾಗಿಯೂ ಆಶ್ಚರ್ಯವಾಗಿತ್ತು. ಒಳಗೆ ಬರಲಿಲ್ಲ. ಕಾಂಪೌಂಡಿನ ಆಚೆ ಸಜ್ಜೆಯ ಕೆಳಗೆ ನಿಂತು ಕೊನೆಯ ಹಾಡಿನ ತನಕ ಕೇಳಿದರು. ಹೋಗುವಾಗ ಹುಡುಗಿಯ ಹತ್ತಿರ, ‘ಆ ಕೊಳಲಿನ ಹುಡುಗ ಮುಂದೆ ಬರ್ತಾನೆ, ಸಾಧನೆ ಮಾಡಕ್ಕೆ ಹೇಳು’ ಎಂದು ಆಶೀರ್ವಾದ ಮಾಡಿ ಹೊರಟರು. ರಟ್ಟಿನ ಕಡೆ ಕಣ್ಣೂ ಹಾಯಿಸಲಿಲ್ಲ.

ಕರೆಂಟು ಬಂದದ್ದು ಒಂಬತ್ತೂ ಮುಕ್ಕಾಲಿಗೆ. ಹತ್ತಾದ ಮೇಲೆ ಧ್ವನಿವರ್ಧಕ ಹಚ್ಚುವಂತಿಲ್ಲ. ನಿಯಮವೂ ಹಾಗೆ, ಪಕ್ಕದ ಮನೆಯವರೂ ಹಾಗೆ. ಹದಿನೈದು ನಿಮಿಷಕ್ಕೆ ಮತ್ತೆ ವೈರು ಎಳೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಶನಿವಾರ

ಬೆಳಿಗ್ಗೆ ನಜರಬಾದಿನಲ್ಲಿ ಮೈಲಾರಿ ದೋಸೆ. ಗರಿಗರಿ ದೋಸೆ ಬಯಸುವವರಿಗೆ ಇದಲ್ಲ. ಮೆತ್ತಗೆ ಹತ್ತಿಯ ಹಾಗಿರುತ್ತದೆ, ಒಳಗೆ ಪಲ್ಯ, ಮೇಲೊಂದು ಬೆಣ್ಣೆ, ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ. ಜಾಗ ಇಕ್ಕಟ್ಟು. ತಿನ್ನುತ್ತಿರುವವರ ಬೆನ್ನ ಹಿಂದೆ ಮುಂದಿನವರು ನಿಂತಿರುತ್ತಾರೆ, ಕಾಫಿಯನ್ನು ನಿಧಾನಕ್ಕೆ ಕುಡಿಯುವ ಯೋಗವಿಲ್ಲ. ಎಂಟರೊಳಗೆ ಹೋದರೆ ಕೂರಲು ಸಿಗುತ್ತದೆ.

ಅಲ್ಲಿಂದ ಕಲಾಮಂದಿರ. 1989ರಲ್ಲಿ ಬಿ.ವಿ. ಕಾರಂತರು ರಂಗಾಯಣವನ್ನು ಕಟ್ಟಿದ ಆವರಣ ಇದೇ. ಭೂಮಿಗೀತ, ವನರಂಗ, ಕಿರುರಂಗಮಂದಿರ ಎಲ್ಲ ಒಂದೇ ಕಾಂಪೌಂಡಿನೊಳಗೆ. ವನರಂಗದ ಮೆಟ್ಟಿಲು ಮಳೆಗೆ ತೊಯ್ದು ಜಾರುತ್ತಿತ್ತು. ನೋಟೀಸು ಬೋರ್ಡಿನ ಮುಂದೆ ನಿಂತು ಗೆಳೆಯ ಮುಂದಿನ ದಿನಗಳ ಲೆಕ್ಕ ಒಪ್ಪಿಸಿದ. ಮೊದಲು ಮಾನಸಗಂಗೋತ್ರಿಯಲ್ಲಿ ಯುವ ಸಂಭ್ರಮ, ಆಮೇಲೆ ಯುವ ದಸರಾ, ಅದರ ಜೊತೆಗೇ ದಸರಾ ಚಲನಚಿತ್ರೋತ್ಸವ, ಅದಕ್ಕೆ ಅಂಟಿಕೊಂಡು ಕಿರುಚಿತ್ರ ಸ್ಪರ್ಧೆ. ಚಳಿಗಾಲಕ್ಕೆ ರಂಗಾಯಣದ ಬಹುರೂಪಿ. ಅದು ನಾಟಕೋತ್ಸವವಾದರೂ ಸಿನಿಮಾ, ಜಾನಪದ, ಪುಸ್ತಕದಂಗಡಿ ಎಲ್ಲ ಇರುತ್ತದೆ. ಸಿನಿಮಾ ಹುಚ್ಚಿನವರು ಬಹುರೂಪಿಗೆ ಬಂದರೆ ನಷ್ಟವಿಲ್ಲ. ಬೆಳಿಗ್ಗೆ ಚಿತ್ರ ನೋಡಿ, ಮಧ್ಯಾಹ್ನ ತಮಟೆ ಕೇಳಿ, ರಾತ್ರಿ ನಾಟಕಕ್ಕೆ ಕೂರಬಹುದು.

ಚಹದ ಗಾಡಿಯ ಹತ್ತಿರ ಬಿಳಿ ಮೀಸೆಯವರೊಬ್ಬರು ಮಾತಿಗೆ ಸಿಕ್ಕರು. ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ಮೈಸೂರಿನ ಈ ವಾದ್ಯವೃಂದಕ್ಕೆ 1868ರಷ್ಟು ಹಳೆಯ ಬೇರಿದೆ. ಕರ್ನಾಟಕ ಸಂಗೀತದ ಬ್ಯಾಂಡು ಒಂದು, ಇಂಗ್ಲಿಷ್ ಬ್ಯಾಂಡು ಇನ್ನೊಂದು. ನಿನ್ನೆಯ ‘ಪಾಸ್ ಇದ್ಯಾ’ ಕತೆ ಹೇಳಿದೆ. ಅವರು ಚಹ ಆರಿಸಿಕೊಳ್ಳುತ್ತಾ ನಕ್ಕರು.

‘ನೋಡಿ, ನಮ್ಗೆ ಸಂಬಳ ಬರ್ತಿತ್ತು, ನುಡಿಸ್ತಿದ್ವಿ. ಜನ ಬಂದು ಕೇಳ್ತಿದ್ರು. ಕೇಳೋರತ್ರ ಕಾಸು ಕೇಳ್ಬೇಕು ಅಂತ ನಮ್ಗೂ ಅನ್ನಿಸ್ಲಿಲ್ಲ, ಕೊಡ್ಬೇಕು ಅಂತ ಅವ್ರಿಗೂ ಅನ್ನಿಸ್ಲಿಲ್ಲ. ಮಹಾರಾಜ್ರು ಹಾಕಿಕೊಟ್ಟ ಮೇಲ್ಪಂಕ್ತಿ. ಈ ಹುಡುಗ್ರಿಗೆ ಸಂಬಳ ಯಾರ್ ಕೊಡ್ತಾರೆ?’

ಮಾತು ನೇರ ತಲೆಗೆ ಹೋಯಿತು. ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. 1950ರಲ್ಲಿ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಗೀತೆಗಳು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗ ಅದರ ಖರ್ಚಿಗೆ ನಿಂತವರು. ಅಷ್ಟು ದೂರದ ಸಂಗೀತಕ್ಕೂ ದುಡ್ಡು ಹೋಗುತ್ತಿದ್ದ ಊರು ಇದು. ಆದರೆ ಕೊಡುತ್ತಿದ್ದದ್ದು ದೊರೆ, ಕೇಳುಗರಲ್ಲ. ದೊರೆ ಹೋದ ಮೇಲೆ ಆ ಜಾಗಕ್ಕೆ ಸರ್ಕಾರ ಬಂತು, ಪಾಸು ಬಂತು. ಪಾಸು ಸಿಗದಿದ್ದರೆ ಸಿಟ್ಟಾಗುವ ಮೈಸೂರಿಗರು ಟಿಕೆಟ್ ಕೊಳ್ಳಿ ಅಂದರೆ ಕಕ್ಕಾಬಿಕ್ಕಿಯಾಗುತ್ತಾರೆ. ಜಿಪುಣತನ ಅಂತ ಇದನ್ನು ತಳ್ಳಿಹಾಕುವಂತಿಲ್ಲ. ದೋಸೆಗೆ ಸಾಲು ನಿಂತು ಕೊಡುವವರೂ ಇವರೇ ತಾನೆ?

ಕಿರುಚಿತ್ರ ಪ್ರದರ್ಶನ ಕುವೆಂಪುನಗರದ ಒಂದು ಸಣ್ಣ ಸಭಾಂಗಣದಲ್ಲಿ, ಹನ್ನೊಂದಕ್ಕೆ. ಬೆಳಿಗ್ಗೆ ಯಾಕೆ ಎಂದರೆ ಸಂಜೆ ಯುವ ಸಂಭ್ರಮಕ್ಕೆ ಪ್ರೇಕ್ಷಕರೂ ಸ್ವಯಂಸೇವಕರೂ ಒಟ್ಟಿಗೆ ಓಡಿಹೋಗುತ್ತಾರೆ. ಆಟೋದವರು ದಾರಿಯುದ್ದಕ್ಕೂ ಮುಚ್ಚಿದ ಟಾಕೀಸುಗಳ ಕತೆ ಹೇಳಿದರು. ಶಾಂತಲಾ 2020ರಲ್ಲಿ ಬಾಗಿಲು ಹಾಕಿದ್ದು ಅವರಿಗೆ ಇನ್ನೂ ನೋವು. ‘ಅಲ್ಲಿ ಗಾಂಧಿ ಕ್ಲಾಸಲ್ಲಿ ಕೂತು ನೋಡಿದ ಪಿಚ್ಚರ್ ಇವತ್ತೂ ಡೈಲಾಗ್ ಸಮೇತ ಹೇಳ್ತೀನಿ ಸಾರ್.’ ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದ ಹೆಸರೆತ್ತಿದಾಗ ಮಾತ್ರ ದನಿ ತಗ್ಗಿತು. 1989ರ ಫೆಬ್ರವರಿಯಲ್ಲಿ ಟಿಪ್ಪು ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತದ್ದು ಆ ಸ್ಟುಡಿಯೋದಲ್ಲಿ. ಈಗ ಸ್ಟುಡಿಯೋವೂ ಇಲ್ಲ. ‘ಹಿಮ್ಮಾವಲ್ಲಿ ಫಿಲಂ ಸಿಟಿ ಬರುತ್ತೆ ಅಂತ ಹೇಳ್ತಾನೇ ಅವ್ರೆ. ನನ್ ಮಗ ಆಗ ಪ್ರೈಮರಿ ಸ್ಕೂಲು, ಈಗ ಡಿಗ್ರಿ.’

ಸಭಾಂಗಣದಲ್ಲಿ ಮೊದಲ ಚಿತ್ರಕ್ಕೆ ಸದ್ದಿಲ್ಲ, ಎರಡನೆಯದಕ್ಕೆ ಸದ್ದಿದೆ, ಸಬ್‌ಟೈಟಲ್ ಫೈಲು ಪೆನ್‌ಡ್ರೈವಿಗೆ ಬಂದಿಲ್ಲ. ಲ್ಯಾಪ್‌ಟಾಪಿನ ಸುತ್ತ ಐದಾರು ತಲೆ. ಚಿತ್ರ ಹಾಕಿದಾಗಲೆಲ್ಲ ‘ಬ್ಯಾಟರಿ ಕಡಿಮೆ ಇದೆ’ ಎಂಬ ಪಟ್ಟಿ ಹೀರೋಯಿನ್ ಹಣೆಯ ಮೇಲೆ. ಇಂಥ ಕಡೆ ಹೋಗುವಾಗ ಅರ್ಧಗಂಟೆ ತಾಳ್ಮೆ, ಒಂದು ಬಾಟಲಿ ನೀರು ಜೊತೆಗಿದ್ದರೆ ಚಿಂತೆಯಿಲ್ಲ.

ನಾಲ್ಕೈದು ಚಿತ್ರಗಳಲ್ಲಿ ಹೆಚ್ಚಿನವು ಬೇಸರ ತರಿಸಿದವು, ಮುಚ್ಚಿಟ್ಟು ಪ್ರಯೋಜನವಿಲ್ಲ. ಸಿಗರೇಟು ಸೇದುತ್ತಾ ಕಿಟಕಿಯಾಚೆ ನೋಡುವ ಹುಡುಗ, ಡ್ರೋನಿನಲ್ಲಿ ಚಾಮುಂಡಿಬೆಟ್ಟ, ಹಿನ್ನೆಲೆಯಲ್ಲಿ ಪಿಯಾನೋ. ಒಂದು ಚಿತ್ರ ಮಾತ್ರ ಬೇರೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ ತನ್ನ ಅಮ್ಮ ಊದುಬತ್ತಿ ಹೊಸೆಯುವುದನ್ನು ಫೋನಿನಲ್ಲಿ ತೆಗೆದಿದ್ದಳು. ಇದ್ದಿಲು ಪುಡಿ, ಜಿಗಟು ಕಲಸಿದ ಕಪ್ಪು ಹಿಟ್ಟು. ಚಿಟಿಕೆ ತೆಗೆದು ಬಿದಿರು ಕಡ್ಡಿಗೆ ಒತ್ತಿ ಮಣೆಯ ಮೇಲೆ ಅಂಗೈಯಿಂದ ಒಮ್ಮೆ ಉರುಳಿಸಿದರೆ ಒಂದು ಬತ್ತಿ. ಕಡ್ಡಿ ಮಣೆಗೆ ತಾಗುವ ‘ಸರ್ರ್’ ಎಂಬ ಸದ್ದೇ ಚಿತ್ರದ ಸಂಗೀತ. ಅಮ್ಮ ಒಂದು ಸಲವೂ ಕ್ಯಾಮೆರಾ ನೋಡುವುದಿಲ್ಲ, ಟೀವಿ ಧಾರಾವಾಹಿ ನೋಡುತ್ತಿರುತ್ತಾಳೆ. ಕೈ ತನ್ನ ಪಾಡಿಗೆ ತಾನು ಓಡುತ್ತದೆ. ಚಿತ್ರ ಮುಗಿದು ಚರ್ಚೆಯಲ್ಲಿ ಯಾರೋ ‘ಇದರ ಸಂದೇಶ ಏನು ಮೇಡಂ?’ ಎಂದು ಕೇಳಿದರು. ಅವಳು ಸ್ವಲ್ಪ ಯೋಚಿಸಿ, ‘ಅಮ್ಮಂಗೆ ಬೆನ್ನು ನೋವು ಸಾರ್’ ಅಂದಳು.

ಸಂಜೆ ಮಾನಸಗಂಗೋತ್ರಿಗೆ ಹೊರಟರೆ ಸಯ್ಯಾಜಿರಾವ್ ರಸ್ತೆಯಲ್ಲಿ ಸಂಚಾರ ಬಂದ್. ದಸರಾ ಆನೆಗಳ ತಾಲೀಮು, ಅರಮನೆಯಿಂದ ಬನ್ನಿಮಂಟಪದ ತನಕ. ಆಟೋದೊಳಗಿಂದ ಕತ್ತು ಹೊರಗೆ ಹಾಕಿ ನೋಡಿದರೆ ಸಾಲಾಗಿ ಬೆನ್ನುಗಳು, ಪಕ್ಕದಲ್ಲಿ ಮಾವುತರು, ಹಿಂದೆ ಸಗಣಿ ಬಳಿಯುವ ಗಾಡಿ. ಯಾರೂ ಹಾರ್ನ್ ಹೊಡೆಯಲಿಲ್ಲ. ಬೆಂಗಳೂರಿನಲ್ಲಿ ಆನೆ ಬಂದರೂ ಹಾರ್ನ್ ಹೊಡೆಯುತ್ತಾರೆ ಎಂಬುದು ಗೆಳೆಯನ ಅಭಿಪ್ರಾಯ. ದಸರೆಗೆ ಮುಂಚಿನ ದಿನಗಳಲ್ಲಿ ಬೆಳಿಗ್ಗೆ ಸಂಜೆ ಈ ರಸ್ತೆಯನ್ನು ನಂಬಿಕೊಂಡು ಹೊರಡಬಾರದು.

ಬಯಲು ರಂಗಮಂದಿರ ತುಂಬಿ ತುಳುಕುತ್ತಿತ್ತು. ಜಿಲ್ಲೆ ಜಿಲ್ಲೆಗಳಿಂದ ಬಂದ ಕಾಲೇಜು ತಂಡಗಳು, ಪ್ರವೇಶ ಉಚಿತ, ಪೊಲೀಸರ ಸೀಟಿ, ಶಿಳ್ಳೆ. ವೇದಿಕೆ ಮೇಲೆ ಕಂಸಾಳೆ ಹಿಡಿದ ಹುಡುಗಿಯರು ತಾಳ ಬೀಸಿ ಒಬ್ಬರ ಬೆನ್ನ ಮೇಲಿಂದ ಒಬ್ಬರು ಉರುಳಿದಾಗ ನನಗೂ ಮೈ ಜುಮ್ಮೆಂದಿತು. ಆದರೆ ನಿನ್ನೆಯ ಮೂವರು ಹುಡುಗರು ಈ ಕಡಲಿಗೆ ಎದುರಾಗಿ ನೂರೈವತ್ತರ ಟಿಕೆಟ್ ಇಟ್ಟು ಕೂತಿದ್ದಾರಲ್ಲ ಎಂಬುದು ತಲೆಯಿಂದ ಹೋಗಲಿಲ್ಲ. ದೊಡ್ಡ ಯುವ ದಸರಾ 2024ರಲ್ಲಿ ಮಹಾರಾಜ ಕಾಲೇಜು ಮೈದಾನ ಬಿಟ್ಟು ಉತ್ತನಹಳ್ಳಿಯ ಬಯಲಿಗೆ ಹೋದಾಗ ಮುಂದಿನ ಸಾಲಿಗೆ ಸಾವಿರಗಟ್ಟಲೆ ರೂಪಾಯಿಯ ಟಿಕೆಟ್ ಇಟ್ಟಿದ್ದರು. ಹೆಸರು ದೊಡ್ಡದಾದರೆ ಟಿಕೆಟ್ಟೂ ದಕ್ಕುತ್ತದೆ, ಊರಿನವರಾದರೆ ಪಾಸ್ ಇದ್ಯಾ.

ಭಾನುವಾರ

ಮಂಡ್ಯಕ್ಕೆ ಬೆಳಗಿನ ಪ್ಯಾಸೆಂಜರ್. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಶುರುವಾದ ಮೇಲೆ ಕಾರಿನವರಿಗೆ ಮಂಡ್ಯ, ಮದ್ದೂರು ಕಣ್ಣಿಗೇ ಬೀಳುವುದಿಲ್ಲ, ಬೈಪಾಸಿನಲ್ಲಿ ಹಾರಿಹೋಗುತ್ತಾರೆ. ರೈಲಿಗೆ ಇನ್ನೂ ಆ ಬುದ್ಧಿ ಬಂದಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಪಕ್ಕದಲ್ಲಿ ಕೂತ ರೈತರು ನನ್ನ ಮಾತಿನ ಧಾಟಿ ಹಿಡಿದು ಕೇಳಿದರು, ‘ಯಾವ್ ಕಡೆಯೋರು ಸ್ವಾಮಿ?’

‘ಶಿವಮೊಗ್ಗ.’

‘ಓ, ಮಲ್ನಾಡು. ಈ ಸಲ ಕಟ್ಟೆ ತುಂಬೈತೆ ಬುಡಿ, ನಾಲೆಗೆ ನೀರ್ ಬುಟ್ಟವ್ರೆ.’ ಕಟ್ಟೆ ಅಂದರೆ ಕನ್ನಂಬಾಡಿ ಕಟ್ಟೆ. ಈ ಸೀಮೆಯಲ್ಲಿ ಬೇರೆ ಕಟ್ಟೆಯಿಲ್ಲ.

ಸ್ವತಂತ್ರ ಸಿನಿಮಾದ ಮಾತು ಬಂದರೆ ಮಂಡ್ಯದವರು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ನೊದೆಕೊಪ್ಪಲಿನ ಸುತ್ತಮುತ್ತ, ಎಂದೂ ಕ್ಯಾಮೆರಾ ಮುಂದೆ ನಿಲ್ಲದ ಹಳ್ಳಿಯ ಜನರನ್ನೇ ಹಾಕಿಕೊಂಡು ರಾಮ್ ರೆಡ್ಡಿ ತೆಗೆದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದರ ಕತೆ ಬರೆದ ಈರೇಗೌಡರು ಆ ಊರಿನವರೇ. ಅಂದಿನಿಂದ ಈ ಕಡೆ ಪ್ರತಿ ಹಳ್ಳಿಯಲ್ಲೂ ಒಬ್ಬ ಹುಡುಗನ ಫೋನಿನಲ್ಲಿ ಒಂದು ಸ್ಕ್ರಿಪ್ಟ್ ಇದೆ.

ನಾವು ಹೋದದ್ದು ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಒಂದು ಹಳ್ಳಿಗೆ. ಶಾಲೆಯ ಮೈದಾನದಲ್ಲಿ ಸಂಜೆ ಚಿತ್ರ, ಅದಕ್ಕೆ ಮುಂಚೆ ಹಾಡು. ನಡೆಸುತ್ತಿದ್ದ ಹುಡುಗನ ಮನೆಯಲ್ಲೇ ಊಟ: ಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು, ಅದಕ್ಕೆ ಕಲಸಿಕೊಳ್ಳಲು ಹಸಿಮೆಣಸಿನ ಖಾರ. ನನ್ನ ಮುದ್ದೆ ಮುರಿಯುವ ಚಂದ ನೋಡಲಾರದೆ ಹುಡುಗನ ಅವ್ವ, ‘ಅಗೀಬ್ಯಾಡಿ ಕಣಪ್ಪ, ನುಂಗ್ರಿ’ ಎಂದು ಇನ್ನರ್ಧ ಮುದ್ದೆ ಇಟ್ಟರು.

ಮಧ್ಯಾಹ್ನ ಜಗಲಿಯಲ್ಲಿ ಅಭ್ಯಾಸ. ಒಂದು ಕಡೆ ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರ ಪರಂಪರೆಯ ಹಿರಿಯರು; ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ, ಹಣೆಯಲ್ಲಿ ಕಪ್ಪು ಧೂಳ್ತ, ಅಂದರೆ ಭಸ್ಮ. ಎದುರಿಗೆ ಮೈಸೂರಿನಿಂದ ಬಂದ ಗಿಟಾರಿನ ಹುಡುಗ, ಶುಕ್ರವಾರದವನೇ. ಶ್ರುತಿ ಕೂಡುತ್ತಿಲ್ಲ. ಕೇಪೋ ಅಂದರೆ ಗಿಟಾರಿನ ಕತ್ತಿಗೆ ಕಚ್ಚಿಸಿ ಶ್ರುತಿ ಏರಿಸುವ ಕ್ಲಿಪ್ಪು. ಹುಡುಗ ಅದನ್ನು ಮೊದಲ ಮನೆಗೆ ಹಾಕಿದ, ತಗ್ಗಾಯಿತು. ಎರಡನೇ ಮನೆಗೆ ಸರಿಸಿದ, ಹೆಚ್ಚಾಯಿತು. ತಾತನ ಶ್ರುತಿ ಎರಡರ ನಡುವೆ ಎಲ್ಲೋ ಕೂತಿತ್ತು. ಟ್ಯೂನರ್ ಆ್ಯಪಿನ ಮುಳ್ಳು ಕೆಂಪು ಬಿಟ್ಟು ಹಸಿರಿಗೆ ಬರಲೊಲ್ಲದು.

‘ತಾತ, ತಂಬೂರಿ ಒಂಚೂರು ಇಳಿಸ್ಕೊತೀರಾ?’

‘ನನ್ ಗಂಟ್ಲು ದೇವ್ರು ಕೊಟ್ಟಿದ್ದು ಕಣ್ ಮಗ, ನಿನ್ ತಂತಿ ಅಂಗ್ಡಿಯೋನು ಕೊಟ್ಟಿದ್ದು. ಇಳಿಸ್ಕಳದಾದ್ರೆ ನೀನೇ ಇಳಿಸ್ಕೊ.’

ಹುಡುಗ ಫೋನನ್ನು ಜೇಬಿಗೆ ಹಾಕಿದ. ಕೇಪೋವನ್ನು ಎರಡನೇ ಮನೆಯಲ್ಲೇ ಬಿಟ್ಟು, ತಾತ ಒಂದೇ ಸಮನೆ ಮೀಟುತ್ತಿದ್ದ ತಂತಿಗೆ ಕಿವಿ ಕೊಟ್ಟು ಆರೂ ತಂತಿಗಳನ್ನು ಒಂದೊಂದಾಗಿ ಕೂದಲೆಳೆಯಷ್ಟು ಸಡಿಲಿಸುತ್ತಾ ಹೋದ. ನಾಲ್ಕನೇ ತಂತಿಗೆ ಬಂದಾಗ ತಾತ ತಲೆದೂಗಲು ಶುರುಮಾಡಿದರು. ಆರನೆಯದು ಕೂಡಿದ ಕೂಡಲೇ ಹೇಳದೆ ಕೇಳದೆ ಹಾಡು ಎತ್ತಿಬಿಟ್ಟರು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ, ಬಳಿ ಕಬ್ಬಿಣದ ಭಿಕ್ಷೆಗೆ ಹೋದ ಕತೆ. ಹಲಗೂರು ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನದು. ಮಂಟೇಸ್ವಾಮಿಯ ಬೊಪ್ಪೇಗೌಡನಪುರವೂ ಅಲ್ಲೇ. ಹಾಗಾಗಿ ಕೇಳುವವರಿಗೆ ಅದು ಪುರಾಣವಲ್ಲ, ಪಕ್ಕದೂರಿನ ಜಗಳ. ಗಿಟಾರಿನವನು ಜಾಣ; ಕಾರ್ಡುಗಳ ಆಡಂಬರಕ್ಕೆ ಹೋಗದೆ ಎರಡು ತಂತಿಯಲ್ಲಿ ಗಗ್ಗರದ ನಡೆಯನ್ನು ಹಿಂಬಾಲಿಸಿದ. ಎಷ್ಟೋ ಫ್ಯೂಷನ್ ಕಛೇರಿಗಳಲ್ಲಿ ಜಾನಪದದವರನ್ನು ಪಕ್ಕದಲ್ಲಿ ಶೋಕಿಗೆ ನಿಲ್ಲಿಸಿ ಡ್ರಮ್ಸ್ ಬಡಿಯುವುದನ್ನು ನೋಡಿದ್ದೇನೆ. ಇಲ್ಲಿ ಬಾಗಿದ್ದು ಗಿಟಾರು.

ಸಂಜೆ ಆರೂವರೆಯಾದರೂ ಪಡುವಣದ ಬೆಳಕು ಪೂರ್ತಿ ಆರದೆ ಪ್ರೊಜೆಕ್ಟರಿನ ಚಿತ್ರ ಮಬ್ಬು. ಕಾಯುವ ಹೊತ್ತಿಗೆ ತಾತನ ಹಾಡು. ಹಾಡು ಮುಗಿದದ್ದೇ ಒಬ್ಬ ಹುಡುಗ ಸ್ಟೀಲ್ ತಟ್ಟೆ ಹಿಡಿದು ಹೊರಟ. ಯಾರೂ ಹುಬ್ಬೇರಿಸಲಿಲ್ಲ. ಹತ್ತು, ಇಪ್ಪತ್ತು, ಐವತ್ತು, ಒಬ್ಬರು ಸೇರಿನಲ್ಲಿ ರಾಗಿ ತಂದು ತಾತನ ಜೋಳಿಗೆಗೇ ಸುರಿದರು. ನೀಲಗಾರರು ಮನೆ ಬಾಗಿಲಿಗೆ ಬಂದು ಪದ ಹೇಳಿದರೆ ಬರಿಗೈಲಿ ಕಳಿಸುವ ಪದ್ಧತಿ ಇಲ್ಲಿಲ್ಲ. ಹಾಡಿದವನಿಗೆ ಕೇಳಿದವನೇ ಕೊಡಬೇಕೆಂಬುದು ಬೆಂಗಳೂರಿನ ಕೆಫೆಯವರು ತಂದ ಹೊಸ ಚಾಳಿ ಎಂದು ಮೈಸೂರಿನಲ್ಲಿ ಗೊಣಗುವವರು ಒಮ್ಮೆ ಈ ಮೈದಾನಕ್ಕೆ ಬಂದು ಕೂರಬೇಕು. ಗಿಟಾರಿನವನು ತಟ್ಟೆ ನೋಡಿ, ‘ಕ್ಯೂಆರ್ ಕೋಡಿಗಿಂತ ಇದೇ ವಾಸಿ ಸಾರ್’ ಅಂದ.

ಚಿತ್ರ ಆಲೆಮನೆಯದು. ಉತ್ತರ ಪ್ರದೇಶದಿಂದ ಬೆಲ್ಲ ಬೇಯಿಸಲು ಬಂದ ಹುಡುಗ, ಅವನಿಗೆ ಕನ್ನಡ ಕಲಿಸುವ ಗಾಡಿಯವನು. ಇಂಥ ಕಾರ್ಮಿಕರು ಈ ಸೀಮೆಯ ಆಲೆಮನೆಗಳಲ್ಲಿ ನಿಜಕ್ಕೂ ಇದ್ದಾರೆ, ಹಾಗಾಗಿ ನಟಿಸಿದ್ದವನೂ ಅಂಥವನೇ. ಗಾಡಿಯವನು ತೆರೆಯ ಮೇಲೆ ಬಂದಾಗ ‘ಲೇ, ನಮ್ಮ ಮಾವ ಕಣ್ಲಾ!’ ಎಂದು ಹಿಂದಿನ ಸಾಲಿನಿಂದ ಕೂಗು. ದೀಪದ ಹುಳುಗಳು ಬೆಳ್ಳಗಿನ ಪರದೆಗೆ ಮುತ್ತಿ ಹೀರೋನ ಮುಖದ ಮೇಲೆ ಓಡಾಡುತ್ತಿದ್ದವು. ನಡುವೆ ಬಹಳ ಉದ್ದದ ಒಂದು ಶಾಟ್. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತದೆ, ಹುಡುಗ ಅದನ್ನೇ ನೋಡುತ್ತಾ ಕೂತಿರುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಚಿತ್ರೋತ್ಸವದಲ್ಲಾದರೆ ಎಲ್ಲರೂ ಉಸಿರು ಬಿಗಿಹಿಡಿದು ಧ್ಯಾನಸ್ಥರಾಗುವ ಜಾಗ. ಮುಂದಿನ ಸಾಲಿನ ಅಜ್ಜಿ ಎದ್ದು ನಿಂತೇಬಿಟ್ಟರು.

‘ಪಾಕ ಬಂದೈತೆ ಇಳಿಸ್ರೋ! ಸೀದೋಯ್ತದೆ!’

ಮೈದಾನವೆಲ್ಲ ನಗು. ಅದಾಗಿ ಒಂದೆರಡು ನಿಮಿಷಕ್ಕೆ ಕರೆಂಟೂ ಹೋಯಿತು. ಲೈನ್‌ಮನ್‌ಗೆ ಫೋನು, ಯಾರದೋ ಮನೆಯಿಂದ ಯುಪಿಎಸ್, ಸೊಳ್ಳೆ. ಮುಕ್ಕಾಲು ಗಂಟೆ ಕಾದರೂ ಎದ್ದುಹೋದವರು ಕಮ್ಮಿ. ಆ ಹೊತ್ತಿನಲ್ಲಿ ನಿರ್ದೇಶಕ ಹುಡುಗ ಅಜ್ಜಿಯ ಪಕ್ಕ ಹೋಗಿ ಕೂತ. ಹಿಂದಿರುಗಿ ಬಂದು ನಮಗೆ ಹೇಳಿದ, ‘ಅಜ್ಜಿ ಹೇಳಿದ್ದು ನಿಜ ಸಾರ್. ಆ ಶಾಟ್ ತೆಗೆಯೋವಾಗ ಕೊಪ್ಪರಿಗೆ ಪೂರ್ತಿ ಸೀದೋಗಿತ್ತು. ಆಲೆಮನೆಯೋರಿಗೆ ಬೆಲ್ಲದ ದುಡ್ಡು ಕಟ್ಕೊಟ್ವಿ. ಸಿನಿಮಾದಲ್ಲಿ ಅದು ಕಾಣಲ್ಲ ಅಂದ್ಕೊಂಡಿದ್ದೆ.’

‘ಶಾಟ್ ಕಟ್ ಮಾಡ್ತೀಯಾ?’ ಎಂದು ಗೆಳೆಯ ಕೇಳಿದ.

‘ಇಲ್ಲ. ಆದ್ರೆ ಹಿಂದೆ ಯಾರಾದ್ರೂ ಬಯ್ಯೋ ಸದ್ದು ಹಾಕ್ತೀನಿ.’

ಸೋಮವಾರ

ರಾತ್ರಿ ಅಲ್ಲೇ ಜಗಲಿಯ ಮೇಲೆ ಮಲಗಿ, ಬೆಳಿಗ್ಗೆ ಹಾಲಿನ ಟೆಂಪೋದಲ್ಲಿ ಮಂಡ್ಯ. ಸಂಜಯ ಸರ್ಕಲ್ಲಿನಲ್ಲಿ ಚಹ ಕುಡಿಯುತ್ತಾ ಗಿಟಾರಿನ ಹುಡುಗ ಮುಂದಿನದನ್ನು ಹೇಳಿದ. ದಸರೆ ಮುಗಿಯುವ ತನಕ ಅವನಿಗೆ ಬಿಡುವು, ಅಂದರೆ ಕೆಲಸವಿಲ್ಲ. ದೀಪಾವಳಿ ಕಳೆದ ಮೇಲೆ ತಾತನನ್ನು ಮೈಸೂರಿಗೆ ಕರೆಸಿ ಒಂದು ಪೂರ್ತಿ ರಾತ್ರಿಯ ಕಾರ್ಯಕ್ರಮ ಮಾಡುವ ಆಸೆ, ಜೊತೆಗೆ ಊದುಬತ್ತಿಯ ಚಿತ್ರ, ಆಲೆಮನೆಯ ಚಿತ್ರ. ರಾತ್ರಿಯಿಡೀ ಅಂದರೆ ಹತ್ತರ ನಿಯಮ ಅಡ್ಡ ಬರುತ್ತದೆ, ಆದ್ದರಿಂದ ಮೈಕಿಲ್ಲದೆ, ಸಣ್ಣ ಜಾಗದಲ್ಲಿ. ಟಿಕೆಟ್ಟೋ ತಟ್ಟೆಯೋ ಎಂಬ ಚರ್ಚೆ ಎರಡನೇ ಚಹದ ತನಕ ನಡೆಯಿತು. ನಾನು ತಟ್ಟೆಯ ಪರ. ಗೆಳೆಯ ಟಿಕೆಟ್ಟಿನ ಪರ. ತಟ್ಟೆ ಹಿಡಿದರೆ ಮೈಸೂರಿನವರು ಮಂಗಳಾರತಿ ಅಂದುಕೊಂಡು ಒಂದು ರೂಪಾಯಿ ಹಾಕುತ್ತಾರೆ ಎಂದು ಅವನ ವಾದ.

‘ಡೇಟ್ ಯಾವಾಗ?’ ಅಂದೆ.

‘ಡೇಟ್ ಫಿಕ್ಸ್ ಆದಂಗೇ ಸಾರ್, ತಾತ ಭತ್ತದ ಕುಯ್ಲು ನೋಡ್ಕೊಂಡು ಹೇಳ್ತೀನಿ ಅಂದವ್ರೆ. ಹಾಲ್ ಸಿಕ್ಕಿಲ್ಲ ಅಷ್ಟೆ.’

ಸರಸ್ವತಿಪುರಂನಲ್ಲಿ ನಿನ್ನ ಮನೆಗೊಂದು ಪಾರ್ಕಿಂಗ್ ಇದೆಯಲ್ಲ ಎಂದು ನಾನು ಗೆಳೆಯನ ಮುಖ ನೋಡಿದೆ. ಅವನು ಹೆಂಡತಿಗೆ ಫೋನ್ ಹಚ್ಚಿದ.

‘ಸ್ಕೂಟರ್ ಎಲ್ಲಿ ನಿಲ್ಸೋದು?’ ಎಂಬುದು ಅತ್ತ ಕಡೆಯಿಂದ ನಮಗೂ ಕೇಳಿಸಿತು.